ನೆಲ ಮುಟ್ಟದ ಹರಕೆ

ಬಹಳ ಹಿಂದೆ, ಅಂದರೆ ತೀರ ಹಿಂದೆಯೇನಲ್ಲ, ಹೋದ ಚಳಿಗಾಲದಲ್ಲಿ, ಏಳು ಸಮುದ್ರಗಳಾಚೆಯಲ್ಲ, ಮೂರೇ ಗುಡ್ಡಗಳಾಚೆ, ಮೊಂತೆಫ್ರೆದ್ದೊ ಎಂಬ ಊರಿನಲ್ಲಿ ಒಬ್ಬ ಅಜ್ಜಿಯಿದ್ದಳು. ಅಜ್ಜಿಗೆ ಒಬ್ಬ ಮೊಮ್ಮಗಳಿದ್ದಳು. ಮೊಮ್ಮಗಳಿಗೆ ಒಂದು ಮೋಟರ್‌ಸೈಕಲ್ ಇತ್ತು. ಮೋಟರ್‌ಸೈಕಲ್ಲಿಗೆ ಎರಡು ಚಕ್ರಗಳಿದ್ದವು, ಕಾಲುಗಳಿರಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಅಜ್ಜಿಯ ಹೆಸರು ಡೆಸೊಲೀನಾ, ವಯಸ್ಸು ಎಂಬತ್ತಮೂರು. ನವೆಂಬರಿನ ಒಂದು ಬೆಳಿಗ್ಗೆ, ತೊಲೆಗೆ ನೇತುಹಾಕಿದ್ದ ಉಪ್ಪುಹಾಕಿದ ಹಂದಿತೊಡೆಯನ್ನು ಇಲಿ ಮೂಸಿದೆಯೋ ಏನೋ ಎಂದು ನೋಡಲು ಕುರ್ಚಿ ಹತ್ತಿದವಳು, ಇಳಿಯುವಾಗ ಕುರ್ಚಿ ಒಂದು ದಿಕ್ಕಿಗೆ ತಾನೊಂದು ದಿಕ್ಕಿಗೆ ಹೋಗಿ ಬಲಗಡೆಯ ಸೊಂಟದ ಕೀಲು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ, ಗಾಲಿಮಂಚದ ಮೇಲೆ ಅಂಗಾತ ಮಲಗಿ, ಒಂದರ ಹಿಂದೊಂದು ಓಡುವ ದೀಪಗಳನ್ನು ನೋಡುತ್ತ ಘಟ್ಟದ ಮೇಲಿನ ಚರ್ಚುಗುಡಿಯ ಮಾತೆಗೆ ಹರಕೆ ಹೊತ್ತಳು.

"ತಾಯೀ, ಈ ಕಾಲು ನೆಟ್ಟಗೆ ಮಾಡು. ನನ್ನ ಮೊಮ್ಮಗಳು ಮಿರ್ಕಾ ಹೊಸ ಗಾಡಿ ತಗೊಂಡಿದಾಳೆ. ಊರ ಚೌಕದಿಂದ ಹೊರಟು, ನೆಲಕ್ಕೆ ಒಂದು ಸಲಾನೂ ಕಾಲೂರದೆ, ನಿನ್ನ ಎದುರಿಗೆ ಬಂದು ನಿಲ್ತಾಳೆ. ಅವಳು ಬರೋವರೆಗೂ ನಾನೂ ನೆಲಕ್ಕೆ ಕಾಲಿಡಲ್ಲ."

ಮೊಮ್ಮಗಳನ್ನು ಒಂದು ಮಾತು ಕೇಳಲಿಲ್ಲ. ಅರಿವಳಿಕೆ ಏರುವಷ್ಟರಲ್ಲಿ ಕೇಳುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು?

ಮಾತೆ ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟಳು. ಮೂಳೆ ಕೂಡಿತು, ಹೊಲಿಗೆ ಮಾಗಿತು. ಮನೆಗೆ ಬಂದ ಅಜ್ಜಿ ಕಿಟಕಿಯ ಪಕ್ಕದ ಮಂಚದ ಮೇಲೆ ರಾಣಿಯ ಹಾಗೆ ಕುಳಿತು, ಇನ್ನು ಮಿರ್ಕಾಳ ಸರದಿ ಎಂದಳು.

ಮಿರ್ಕಾಳಿಗೆ ಇಪ್ಪತ್ತೇಳು. ಕೆಳಗಿನ ಬಯಲಿನ ಟೈಲ್ಸ್ ಕಾರ್ಖಾನೆಯಲ್ಲಿ ಕೆಲಸ. ದಿನಕ್ಕೆ ಎಂಟು ಗಂಟೆ, ಯಂತ್ರದ ಪಟ್ಟಿಯ ಮೇಲೆ ಹರಿದುಹೋಗುವ ಟೈಲುಗಳಲ್ಲಿ ಕೂದಲೆಳೆಯ ಬಿರುಕು ಹುಡುಕಬೇಕು. ಹಾಗೆ ಬಿರುಕು ಹುಡುಕಿ ಹುಡುಕಿ ಕೂಡಿಟ್ಟದ್ದರಲ್ಲಿ ಅವಳು ಆ ಗಾಡಿ ಕೊಂಡಿದ್ದಳು. ಆರುನೂರೈವತ್ತು ಸಿಸಿ, ಎರಡು ಸಿಲಿಂಡರು, ಹಣ್ಣಾದ ಚೆರಿಯ ಬಣ್ಣದ ಟ್ಯಾಂಕು. ಮುಂದೆ ಗಾಳಿ ತಡೆಯುವ ಗಾಜಿಲ್ಲ, ಪಕ್ಕದಲ್ಲಿ ಮೈ ಮುಚ್ಚುವ ಕವಚವಿಲ್ಲ, ಎಂಜಿನ್ನು, ಕೊಳವೆ, ನಟ್ಟು ಬೋಲ್ಟು ಎಲ್ಲ ಹೊರಗೇ. ಆ ದೇಶದಲ್ಲಿ ಮೋಟರ್‌ಸೈಕಲ್ ಅಂದರೆ ಒಂದೋ ಸಾಹುಕಾರರ ಮನೆಯ ಒಡವೆ, ಇಲ್ಲವೇ ರೊಟ್ಟಿ ತರಲು ಹೋಗುವ ಸ್ಕೂಟರು. ನಡುವಿನದಕ್ಕೆ ಮರ್ಯಾದೆ ಕಡಿಮೆ. ಅವಳು ಗಾಡಿ ತಂದ ದಿನವೇ ಬಾರಿನ ಕಟ್ಟೆಯಲ್ಲಿ ಕುಳಿತಿದ್ದ ಆದೆಲ್ಮೊ ಮೂಗು ಮುರಿದಿದ್ದ. ಆದೆಲ್ಮೊ ಪೆನ್ಷನ್ ಮುದುಕರ ಮುಖಂಡ. ಎಲ್ಲೇ ರಸ್ತೆ ಅಗೆಯಲಿ, ಗೋಡೆ ಕಟ್ಟಲಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬೇಲಿಯ ಪಕ್ಕ ನಿಂತು, ಕೆಲಸ ತಪ್ಪಾಗುತ್ತಿದೆ ಎಂದು ತಲೆಯಾಡಿಸುವುದು ಅವನ ದಿನಚರಿ.

"ಹೆಸರು ನಮ್ಮದು, ಎಂಜಿನ್ನು ಚೀನಾದ್ದಂತೆ," ಅಂದಿದ್ದ.

"ನಿನ್ನ ಪ್ಯಾಂಟೂ ಚೀನಾದ್ದೇ ಕಣೋ ಆದೆಲ್ಮೊ, ಇವತ್ತಿನವರೆಗೂ ಜಾರಿ ಬಿದ್ದಿದೆಯಾ?" ಎಂದು ಕೇಳಿದವನು ವಾಯ್ನೆರ್. ಎಪ್ಪತ್ತನಾಲ್ಕರ ಮುದುಕ, ಹಿಂದೊಮ್ಮೆ ಬಂಡೆಗಳ ಮೇಲೆ ಮೋಟರ್‌ಸೈಕಲ್ ಹತ್ತಿಸುವ ಪಂದ್ಯಗಳಲ್ಲಿ ಬಹುಮಾನ ಗೆದ್ದವನು. ಈಗಲೂ ಸೈಕಲ್ಲಿನಿಂದ ಇಳಿಯದೆ, ನೆಲಕ್ಕೆ ಕಾಲೂ ಊರದೆ, ನಿಂತಲ್ಲೇ ನಿಂತು ಹರಟುತ್ತಾನೆ.

ಗಾಡಿಯ ಗುಣ ಮಿರ್ಕಾಳಿಗೆ ಒಂದೇ ವಾರದಲ್ಲಿ ತಿಳಿದಿತ್ತು. ಸೀಟು ತಗ್ಗು, ಆದರೆ ಕಲ್ಲುಬೆಂಚು. ಹ್ಯಾಂಡಲ್ ಅಗಲ, ಹೋರಿಯ ಕೊಂಬು ಹಿಡಿದ ಹಾಗೆ. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಕೆಳಗೆ ಗೊಣಗುತ್ತದೆ, ನಾಲ್ಕರ ಮೇಲೆ ಗುನುಗುತ್ತದೆ, ಆರರ ಮೇಲೆ ಕನ್ನಡಿಗಳು ನಡುಗಿ ಹಿಂದೆ ಬರುವವರೆಲ್ಲ ಅವಳಿಜವಳಿಗಳಾಗುತ್ತಾರೆ. ತಿರುವುಗಳಲ್ಲಿ ಮಾತ್ರ ಬಂಗಾರ. ಕಣ್ಣು ಎಲ್ಲಿ ನೆಟ್ಟರೆ ಅಲ್ಲಿಗೆ, ಹೇಳಿಸಿಕೊಳ್ಳದೆ, ಬಾಗಿ ಹೋಗಿಬಿಡುತ್ತದೆ. ಅದಕ್ಕೆ ಆಗಿಬರದ್ದು ಒಂದೇ, ನಿಧಾನ. ನಡಿಗೆಯ ವೇಗಕ್ಕೆ ಇಳಿಸಿದರೆ ಹಗ್ಗ ಜಗ್ಗುವ ಕರುವಿನಂತೆ ಕುಲುಕುತ್ತದೆ, ತೊಡೆ ಸುಡುತ್ತದೆ. ನಿಲ್ಲಿಸಿದರಂತೂ ನೂರಾತೊಂಬತ್ತು ಕಿಲೋ ತೂಕವೂ ಪಕ್ಕಕ್ಕೆ ವಾಲಿ, ಕಾಲು ಕೊಡು ಎನ್ನುತ್ತದೆ.

ಕಾಲು ಕೊಡಬಾರದು ಎಂಬುದೇ ಹರಕೆ.

ಮೊದಲ ಸಲ ಹೊರಟಾಗ ಫೆಬ್ರವರಿಯ ಮೊದಲ ಭಾನುವಾರ. ಅಜ್ಜಿ ಮಂಚದ ಬಳಿಗೆ ಕರೆಸಿ, ಮೊಮ್ಮಗಳ ಜಾಕೆಟ್ಟಿನೊಳಗೆ ಎದೆಗೊಂದು, ಹೊಟ್ಟೆಗೊಂದು ದಿನಪತ್ರಿಕೆ ತುರುಕಿದಳು. ಗಾಳಿ ಹೊಟ್ಟೆಗೆ ಹೊಡೆದರೆ ಮನುಷ್ಯ ಉಳಿಯುವುದಿಲ್ಲ ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮುಂದೆ ಗಾಜಿಲ್ಲದ ಗಾಡಿಯಂತೂ ಯಮನ ಕರೆಯೋಲೆ.

"ಕ್ರೀಡಾಪುಟ ಹೊಟ್ಟೆಗಿಡ್ಬೇಡ ನೊನ್ನಾ, ತೆಳ್ಳಗಿರುತ್ತೆ," ಅಂದಳು ಮಿರ್ಕಾ. ಅಜ್ಜಿಯನ್ನು ಅಲ್ಲಿ ನೊನ್ನಾ ಎಂದೇ ಕರೆಯುವುದು.

"ಅದಕ್ಕೇ ಶ್ರದ್ಧಾಂಜಲಿ ಪುಟಾನೂ ಸೇರಿಸಿದೀನಿ ಮಗಳೇ, ಅದು ದಪ್ಪ. ಹೋಗು. ಕೂತ್ಕೊಂಡೇ ಹೋಗೋದು, ಕೂತ್ಕೊಂಡೇ ಬರೋದು. ಏನ್ ಮಹಾ!"

ಚೌಕದಿಂದ ಘಟ್ಟದ ಗುಡಿಗೆ ಹತ್ತೊಂಬತ್ತು ಕಿಲೋಮೀಟರು. ಮೂರನೆಯ ಕಿಲೋಮೀಟರಿನಲ್ಲಿ ಗುಡ್ಡ ಕುಸಿದು ಅರ್ಧ ರಸ್ತೆ ನದಿ ಸೇರಿ ನಾಲ್ಕು ವರ್ಷವಾಗಿತ್ತು. ಉಳಿದರ್ಧಕ್ಕೆ ಒಂದು ತಾತ್ಕಾಲಿಕ ಸಿಗ್ನಲ್ ಹಾಕಿದ್ದರು. ನಾಲ್ಕು ವರ್ಷದಲ್ಲಿ ಆ ತಾತ್ಕಾಲಿಕಕ್ಕೆ ಸುತ್ತಲೂ ಹೂಗಿಡ ಬೆಳೆದಿತ್ತು. ನಾಲ್ಕು ನಿಮಿಷ ಕೆಂಪು, ನಲವತ್ತು ಸೆಕೆಂಡು ಹಸಿರು. ಮಿರ್ಕಾ ತಿರುವು ದಾಟಿ ಬರುವುದಕ್ಕೂ ದೀಪ ಕೆಂಪಾಗುವುದಕ್ಕೂ ಸರಿಹೋಯಿತು. ಅವಳು ನಿಧಾನಿಸಿದಳು, ಇನ್ನೂ ನಿಧಾನಿಸಿದಳು, ಗಾಡಿ ಕುಲುಕಿತು, ವಾಲಿತು. ಎಡಗಾಲು, ಯಾರಪ್ಪಣೆಗೂ ಕಾಯದೆ, ನೆಲಕ್ಕಿಳಿಯಿತು.

ಬೇಲಿಯ ಪಕ್ಕ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದ ಏಳು ಮುದುಕರು ಒಟ್ಟಿಗೇ "ಆಹ್" ಎಂದರು. ಏಳೂ ಜನ ಒಟ್ಟಿಗೇ ಫೋನು ತೆಗೆದರು.

ಅವಳು ಮನೆ ಸೇರುವಷ್ಟರಲ್ಲಿ ಅಜ್ಜಿಗೆ ಸುದ್ದಿ ಹಳೆಯದಾಗಿತ್ತು.

"ಯಾವ ಕಾಲು?" ಎಂದು ಕೇಳಿದಳು.

"ಎಡಗಾಲು, ನೊನ್ನಾ."

"ಪೂರ್ತಿನೋ, ಬೆರಳ ತುದಿನೋ?"

"ಪೂರ್ತಿ."

"ಅಯ್ಯೋ ನನ್ನ ಬಂಗಾರ, ಕೆಂಪು ದೀಪ ಬಂದ್ರೆ ಕಾಲ್ಯಾಕೆ ಇಡ್ಬೇಕು? ಸುಮ್ನೆ ಕೂತಿರು."

"ಸುಮ್ನೆ ಕೂತ್ರೆ ಬಿದ್ದುಹೋಗುತ್ತೆ ನೊನ್ನಾ. ಇರೋದೇ ಎರಡು ಚಕ್ರ."

"ನಿಮ್ಮಜ್ಜಂದಕ್ಕೂ ಎರಡೇ ಚಕ್ರ. ಮೂವತ್ತು ವರ್ಷ ಹಿಂದೆ ಕೂತಿದೀನಿ. ಮನೆ ಬಾಗಿಲಲ್ಲಿ ಹತ್ತಿದ್ರೆ ಸಂತೇಲಿ ಇಳಿಯೋದು. ನಡುವೆ ಒಂದು ದಿನ ನೆಲ ಮುಟ್ಟಿಲ್ಲ."

"ನೀನು ಮುಟ್ಟಿಲ್ಲ. ಅಜ್ಜ ಮುಟ್ತಾ ಇದ್ರು."

ಅಜ್ಜಿ ಯೋಚಿಸಿದಳು. ಮೂವತ್ತು ವರ್ಷವೂ ಅವಳು ಹೆದರಿಕೆಗೆ ಕಣ್ಣು ಮುಚ್ಚಿಕೊಂಡು ಗಂಡನ ಬೆನ್ನಿಗೆ ಮುಖ ಒತ್ತಿಕೊಂಡೇ ಕುಳಿತಿದ್ದಳು. ಮುಂದೆ ಕುಳಿತವನ ಕಾಲು ಏನು ಮಾಡುತ್ತಿತ್ತು ಎಂದು ಅವಳಿಗೆ ಹೇಗೆ ತಿಳಿಯಬೇಕು? ತನ್ನ ತಾಯಿ ಇದೇ ಘಟ್ಟವನ್ನು ಮಂಡಿಯೂರಿ ಹತ್ತಿ ಮಂಡಿಚಿಪ್ಪು ಕಿತ್ತುಕೊಂಡಿದ್ದಳು. ಮೊಮ್ಮಗಳಿಗೆ ಅಂಥ ಕಷ್ಟ ಬೇಡ, ಮೆತ್ತನೆಯದೊಂದು ಹರಕೆ ಇರಲಿ ಎಂದೇ ಅವಳು ಇದನ್ನು ಆರಿಸಿದ್ದಳು.

"ಹೌದಾ?" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. ಮರುಗಳಿಗೆ ದನಿ ದೊಡ್ಡದಾಯಿತು. "ಆದ್ರೆ ಮಾತು ಕೊಟ್ಟಾಗಿದೆ. ಆ ತಾಯಿ ನಂಗೆ ಕಾಲು ಕೊಟ್ಟಾಗಿದೆ. ಈಗ ಗೊತ್ತಿರಲಿಲ್ಲ ಅಂದ್ರೆ ಮೋಸ ಆಗುತ್ತೆ."

ಆ ಗುರುವಾರ ಡಾಕ್ಟರು ಬಂದರು. ಗಾಂದೊಲ್ಫಿ ಎಂದು ಹೆಸರು, ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ಅಜ್ಜಿಯ ತೊಡೆಯನ್ನು ಹಿಡಿದು ನೋಡಿ, ಮಿರ್ಕಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

"ಮೂಳೆ ನನ್ನದಕ್ಕಿಂತ ಗಟ್ಟಿಯಿದೆ. ಆದ್ರೆ ಸ್ನಾಯು ಕರಗ್ತಾ ಇದೆ. ಮಲಗಿಸಿ ಕಾಲು ಆಡಿಸಿದ್ರೆ ಸಾಲದು, ಎದ್ದು ಭಾರ ಹಾಕ್ಬೇಕು. ಇನ್ನು ಮೂರು ವಾರದೊಳಗೆ ಅವರು ಎದ್ದು ನಿಲ್ಲದಿದ್ರೆ ಆಮೇಲೆ ನಿಲ್ಲೋಕೆ ಆಗಲ್ಲ. ಹರಕೆಗೆ ನನ್ನ ಹತ್ರ ಮಾತ್ರೆ ಇಲ್ಲಮ್ಮ."

ಮಿರ್ಕಾ ಅಂದು ರಾತ್ರಿಯೂಟಕ್ಕೆ ಬಟ್ಟಲಿಗೆ ಬಡಿಸಿಕೊಂಡ ಸಾರನ್ನು ಹಾಗೇ ಬಿಟ್ಟಳು. ಈ ಅಜ್ಜಿಯೇ ಅವಳನ್ನು ಸಾಕಿದ್ದು, ಸೊಂಟದ ಮೇಲೆ ಕೂರಿಸಿಕೊಂಡು ಹಿಟ್ಟು ಲಟ್ಟಿಸುತ್ತ ಕತೆ ಹೇಳಿದ್ದು. ಆ ಕತೆಗಳಲ್ಲಿ ರಾಕ್ಷಸನಿಗೆ ಕೊಟ್ಟ ಮಾತನ್ನೂ ಯಾರೂ ಮುರಿಯುತ್ತಿರಲಿಲ್ಲ. ಈಗ ಆ ಸೊಂಟವೇ ಕತೆಯೊಳಗೆ ಸಿಕ್ಕಿಬಿದ್ದಿತ್ತು.

ಸುಳ್ಳು ಹೇಳಿ ಪಾರಾಗೋಣವೆಂದರೆ ಆ ರಸ್ತೆಯಲ್ಲಿ ಇಪ್ಪತ್ತಾರು ಕಿಟಕಿಗಳಿದ್ದವು, ಒಂದೊಂದರಲ್ಲೂ ಒಬ್ಬೊಬ್ಬ ಹೆಂಗಸಿದ್ದಳು. ಘಟ್ಟದ ಗುಡಿಯ ಪಾದ್ರಿ ದೋನ್ ಎರ್ಮೆಸ್ ಮನೆಗೇ ಬಂದು, ಕಷ್ಟದ ಹರಕೆಯನ್ನು ಸುಲಭದ ಹರಕೆಗೆ ಬದಲಾಯಿಸಿಕೊಡುವ ಅಧಿಕಾರ ಚರ್ಚಿಗಿದೆ, ಹತ್ತು ಜಪಮಾಲೆಯಲ್ಲಿ ಮುಗಿಸಿಬಿಡೋಣ ಎಂದರು.

"ಸ್ವಾಮೀ, ನಾನು ಮಾತು ಕೊಟ್ಟಿದ್ದು ಯಜಮಾನಿಗೆ," ಎಂದಳು ಅಜ್ಜಿ. "ಗುಮಾಸ್ತರಿಗಲ್ಲ."

ಗುಮಾಸ್ತರು ಒಂದು ಲೋಟ ದ್ರಾಕ್ಷಾರಸ ಕುಡಿದು ಎದ್ದುಹೋದರು.

ವಿಷಯ ಬಾರಿಗೆ ಬಂತು. ಮೊಂತೆಫ್ರೆದ್ದೊದಲ್ಲಿ ನ್ಯಾಯ, ಧರ್ಮ, ಫುಟ್‌ಬಾಲು ಎಲ್ಲ ತೀರ್ಮಾನವಾಗುವುದು ಅಲ್ಲೇ.

"ಸೈಡ್ ಸ್ಟ್ಯಾಂಡ್ ಹಾಕಿದ್ರೆ?" ಎಂದು ಶುರು ಮಾಡಿದ ಆದೆಲ್ಮೊ. "ಅದು ಗಾಡಿ ಕಾಲು. ಹುಡುಗೀದಲ್ಲ."

"ಅದನ್ನ ಇಳಿಸೋದು ಹುಡುಗಿ ಕಾಲಲ್ಲಿ. ಕಾಲಿಂದ ಕಾಲಿಟ್ಟ ಹಾಗಾಯ್ತು," ಎಂದ ವಾಯ್ನೆರ್.

"ಇಬ್ಬರು ಎರಡೂ ಕಡೆ ಹಿಡ್ಕೊಂಡ್ರೆ?"

"ಆಗ ಗುಡಿಗೆ ಹೋದದ್ದು ಯಾರು? ಹುಡುಗಿನೋ, ಹಿಡ್ಕೊಂಡೋರೋ?"

"ಸ್ಕೇಟು ಕಟ್ಕೊಂಡ್ರೆ? ಕಾಲಿಗೂ ನೆಲಕ್ಕೂ ಮಧ್ಯೆ ಚಕ್ರ ಇರುತ್ತಲ್ಲ."

ಎಲ್ಲರೂ ಅದನ್ನು ನಿಜವಾಗಿ ಯೋಚಿಸುತ್ತಿದ್ದರು. ಮಿರ್ಕಾ ಕಾಫಿ ಬಟ್ಟಲು ಕೆಳಗಿಟ್ಟು, "ಹಾಗಾದ್ರೆ ನನಗೆ ನಿಲ್ಲೋದು ಕಲಿಸಿ," ಎಂದಳು.

"ಓಡಿಸೋದಾ?"

"ಓಡಿಸೋಕೆ ಬರುತ್ತೆ. ನಿಲ್ಲೋದು."

ಮರುದಿನದಿಂದ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಪಾಠ ಶುರುವಾಯಿತು. ವಾಯ್ನೆರ್ ಸಾಮಾನು ತಳ್ಳುವ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿಸಿದ.

"ಚಕ್ರ ನೋಡ್ಬೇಡ. ಚಕ್ರ ಎಲ್ಲಿಗೂ ಓಡಿಹೋಗಲ್ಲ. ದೂರ ನೋಡು, ಅಲ್ಲಿ ಪಾಸ್ತಾ ಜಾಹೀರಾತು ಇದೆಯಲ್ಲ, ಅದನ್ನ ನೋಡು."

"ಕ್ಲಚ್ ವಾಸನೆ ಬರ್ತಿದೆ ವಾಯ್ನೆರ್!"

"ಬರಲಿ. ಕ್ಲಚ್ಚು ಅರ್ಧ ಬಿಡು, ಹಿಂದಿನ ಬ್ರೇಕು ಅರ್ಧ ಹಿಡಿ. ಮುಂದಿನ ಬ್ರೇಕು ಮುಟ್ಟಿದ್ರೆ ನನ್ನಾಣೆ. ಈ ಗಾಡಿ ಮುಂದಿನ ಬ್ರೇಕು ನಾಯಿ ಇದ್ದ ಹಾಗೆ, ನಿಧಾನಕ್ಕೆ ಹೋಗ್ತಿರುವಾಗ ಮುಟ್ಟಿದ್ರೆ ಕಚ್ಚುತ್ತೆ. ಗಾಡಿ ಒಂದು ಕಡೆ ಎಳೆಯೋದು, ಬ್ರೇಕು ಒಂದು ಕಡೆ ಎಳೆಯೋದು, ನಡುವೆ ನೀನು ಜಗಳ ಬಿಡಿಸೋಳ ಹಾಗೆ ನೆಟ್ಟಗೆ ಕೂತಿರು."

ಮೊದಲ ದಿನ ಅವಳು ಹನ್ನೊಂದು ಸಲ ಕಾಲೂರಿದಳು. ಐದನೆಯ ದಿನ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕಾಲಿಡುವ ಪೆಗ್ಗುಗಳ ಮೇಲೆ ಎದ್ದು ನಿಂತು, ನಿಂತಲ್ಲೇ ನಿಲ್ಲುವುದನ್ನು ಕಲಿತಳು. ಏಳು ಸೆಕೆಂಡು. ಎಂಟನೆಯ ದಿನಕ್ಕೆ ಇಪ್ಪತ್ತು. ಅಗಲವಾದ ಹ್ಯಾಂಡಲು ಇದಕ್ಕೆ ಒದಗಿಬಂತು. ತೂಕ ಕೆಳಗಿದ್ದುದರಿಂದ ಗಾಡಿ ಬೀಳುವ ಮೊದಲು ಒಂದು ಮಾತು ಹೇಳಿ ಬೀಳುತ್ತಿತ್ತು. ಸಾಮಾನು ಕೊಳ್ಳಲು ಬಂದ ಹೆಂಗಸರು ಬಟಾಣಿ ಡಬ್ಬಿಗಳನ್ನು ಎದೆಗವಚಿಕೊಂಡು ನಿಂತು ಗಟ್ಟಿಯಾಗಿ ಎಣಿಸುತ್ತಿದ್ದರು.

ಡಾಕ್ಟರು ಕೊಟ್ಟ ಮೂರು ವಾರದಲ್ಲಿ ಹನ್ನೊಂದು ದಿನ ಕಳೆದಿತ್ತು. ಮಿರ್ಕಾ ಎರಡನೆಯ ಸಲ ಹೊರಟಳು.

ಸಿಗ್ನಲ್ಲಿನ ಲೆಕ್ಕ ಮುದುಕರು ವಹಿಸಿಕೊಂಡಿದ್ದರು. ನಾಲ್ಕು ವರ್ಷದಿಂದ ನೋಡಿದ ದೀಪ, ಅವರಿಗದು ಸ್ವಂತ ನಾಡಿಯಷ್ಟು ಗೊತ್ತಿತ್ತು. ತಿರುವಿಗೊಬ್ಬರಂತೆ ನಿಂತು, ಒಬ್ಬ ಕೈ ಎತ್ತಿದರೆ ಮುಂದಿನವನು ಕೈ ಎತ್ತಿ, ಅವಳು ಬರುವಷ್ಟರಲ್ಲಿ ಹಸಿರು ಸಿಗುವಂತೆ ಮಾಡಿದರು. ಎಷ್ಟೋ ವರ್ಷಗಳ ನಂತರ ಅವರ ಕೈಗಳು ಬೆನ್ನ ಹಿಂದಿನಿಂದ ಮುಂದೆ ಬಂದಿದ್ದವು.

ಮಿರ್ಕಾ ದಾಟಿದಳು. ರಸ್ತೆ ಏರಿತು, ಚೆಸ್ಟ್‌ನಟ್ ಕಾಡು ಶುರುವಾಯಿತು. ಗಾಡಿ ನಾಲ್ಕು ಸಾವಿರದ ಮೇಲೆ ಗುನುಗತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಎದೆಯ ಮೇಲಿನ ಪತ್ರಿಕೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಹೀಗೇ ಹೋದರೆ ಗುಡಿಯೇನು, ಚಂದ್ರನನ್ನೂ ಮುಟ್ಟಬಹುದು ಎನ್ನಿಸಿತು ಅವಳಿಗೆ. ಹದಿನಾಲ್ಕನೆಯ ಕಿಲೋಮೀಟರಿನ ತಿರುವಿನಾಚೆ ಚಂದ್ರನಿರಲಿಲ್ಲ. ಮುನ್ನೂರು ಕುರಿಗಳಿದ್ದವು.

ಕುರಿಗಳು ಗವೀನೊನವು. ಸಾರ್ಡೀನಿಯಾ ದ್ವೀಪದಿಂದ ಬಂದು ಮೂವತ್ತು ವರ್ಷವಾಗಿದ್ದರೂ ಊರಿನವರು ಅವನನ್ನು ಇನ್ನೂ ಹೊಸಬನೆಂದೇ ಕರೆಯುತ್ತಿದ್ದರು.

"ಗವೀನೊ! ದಾರಿ ಬಿಡ್ಸೋ! ಕಾಲಿಡೋ ಹಾಗಿಲ್ಲ ನಾನು!"

"ಗೊತ್ತು ಗೊತ್ತು. ನಂಗೆ ಗೊತ್ತು, ಕುರಿಗಳಿಗೆ ಗೊತ್ತಿಲ್ಲ!"

ಕುರಿಗಳು ಅವಳನ್ನು ಸುತ್ತುವರಿದವು. ಎಡಗಡೆಯಿಂದ ನೂರು, ಬಲಗಡೆಯಿಂದ ನೂರು, ಒತ್ತಿ ಒತ್ತಿ ಬಂದವು. ಗಾಡಿ ನಿಂತೇಹೋಯಿತು. ಆದರೆ ಗಾಡಿ ಬೀಳಲಿಲ್ಲ. ಎರಡೂ ಕಡೆಯ ಉಣ್ಣೆಯ ಗೋಡೆಗಳ ನಡುವೆ, ಎಂಜಿನ್ನಿನ ಬೆಚ್ಚಗಿನ ಮೈಗೆ ಕುರಿಗಳು ಹಿತವಾಗಿ ಆತುಕೊಂಡು, ಅದು ದಿಂಬಿಗೊರಗಿದ ಸಾಹುಕಾರನಂತೆ ನೆಟ್ಟಗೆ ನಿಂತಿತ್ತು. ಅವಳ ಎರಡೂ ಕಾಲು ಪೆಗ್ಗಿನ ಮೇಲೇ ಇದ್ದವು. ಒಂದು ನಿಮಿಷ. ಎರಡು ನಿಮಿಷ. ಚಳಿಗೆ ಬೆಚ್ಚಗಿನ ಜಾಗ ಬಿಟ್ಟು ಹೋಗುವುದಕ್ಕೆ ಕುರಿಗಳಿಗೂ ಮನಸ್ಸಿರಲಿಲ್ಲ.

"ಅಲ್ಲಾಡ್ಬೇಡ! ಮುಂದಿನವನ್ನ ಮೊದಲು ಸರಿಸ್ತೀನಿ, ಆಮೇಲೆ ಎರಡೂ ಕಡೇದನ್ನ ಒಟ್ಟಿಗೆ!" ಎಂದು ಗವೀನೊ ಕೂಗಿದ.

ಅವನ ನಾಯಿಗೆ ಆ ಲೆಕ್ಕಾಚಾರ ತಿಳಿಯಲಿಲ್ಲ. ಅದು ಬಲಗಡೆಯ ಕುರಿಗಳನ್ನಷ್ಟೇ ಬೊಗಳಿ ಓಡಿಸಿತು. ಬಲಗಡೆಯ ಗೋಡೆ ಕರಗಿತು. ಗಾಡಿ, ಮಿರ್ಕಾ, ಎರಡು ದಿನಪತ್ರಿಕೆ ಸಮೇತ, ನಿಧಾನವಾಗಿ, ಘನತೆಯಿಂದ, ಬಲಕ್ಕೆ ಮಲಗಿದವು.

ಭುಜ ನೆಲ ಮುಟ್ಟಿತು, ಸೊಂಟ ನೆಲ ಮುಟ್ಟಿತು, ಹೆಲ್ಮೆಟ್ ನೆಲ ಮುಟ್ಟಿತು. ಕಾಲುಗಳೆರಡೂ ಗಾಳಿಯಲ್ಲಿದ್ದವು. ಮಿರ್ಕಾ ಹಾಗೇ, ಕಾಲು ಮೇಲೆತ್ತಿಕೊಂಡು, ಹತ್ತು ನಿಮಿಷ ರಸ್ತೆಯಲ್ಲಿ ಮಲಗಿ ಉಪಾಯ ಯೋಚಿಸಿದಳು. ಕುರಿಯೊಂದು ಬಂದು ಅವಳ ಜಾಕೆಟ್ಟಿನಿಂದ ಶ್ರದ್ಧಾಂಜಲಿ ಪುಟವನ್ನು ಎಳೆದು ತಿಂದಿತು. ಕೊನೆಗೆ ಏಳದೆ ವಿಧಿಯಿರಲಿಲ್ಲ. ಎದ್ದಳು.

ಅಂದು ಮಂಚದ ಪಕ್ಕ ಕುಳಿತು ಅವಳು ಅತ್ತದ್ದು ನೋವಿಗಲ್ಲ. ಅಜ್ಜಿಯ ಕಾಲಿನ ಮೇಲೆ ಹೊದೆಸಿದ ಕಂಬಳಿಯ ಉಬ್ಬು ಹೋದ ವಾರಕ್ಕಿಂತ ತಗ್ಗಾಗಿತ್ತು. ಕಾಲಲ್ಲ, ಒಲೆಗೆ ತಂದಿಟ್ಟ ಸೌದೆ ಅನ್ನಬೇಕು.

"ನೊನ್ನಾ, ಎದ್ದು ನಿಲ್ಲು. ನಾನು ಹೋಗೇ ಹೋಗ್ತೀನಿ. ಇವತ್ತಲ್ಲ ನಾಳೆ. ನೀನು ಮಾತ್ರ ಈಗ್ಲೇ ಎದ್ದು ನಿಲ್ಲು. ನಿನ್ನ ಕಾಲು ಹೋಗ್ತಾ ಇದೆ."

"ನನ್ನ ಕಾಲಲ್ಲ ಮಗಳೇ ಅದು. ಅವಳದ್ದು. ಕಡ ತಂದಿರೋದು."

"ಕಡ ತಂದ ವಸ್ತು ಹೀಗೆ ಕೊಳೆಯೋಕೆ ಬಿಡ್ತಾರಾ?"

ಅಜ್ಜಿ ಕಿಟಕಿಯಾಚೆ ನೋಡಿದಳು, ಮೂಗು ಒರೆಸಿಕೊಂಡಳು.

"ನಿಮ್ಮ ಕೈಲಿ ಆಗಲ್ಲ," ಎಂದಳು ಕೊನೆಗೆ. "ನಿಂಗೆ, ಆ ವಾಯ್ನೆರ್‌ಗೆ, ಆ ಕೈಕಟ್ಟಿದ ಮುದುಕರಿಗೆ, ಯಾರಿಗೂ. ನಾನೇ ಬರ್ತೀನಿ. ಹಿಂದೆ ಕೂತ್ಕೋತೀನಿ. ಆ ನಾಯಿ ಅಡ್ಡ ಬರಲಿ, ಅದರ ಅಪ್ಪನ ಹೆಸರು ಹಿಡಿದು ಕೂಗ್ತೀನಿ."

"ಹಿಂದೆ ಒಬ್ರು ಕೂತ್ರೆ ನಿಲ್ಲಿಸೋದು ಇನ್ನೂ ಕಷ್ಟ ನೊನ್ನಾ!"

"ನಲವತ್ತೈದು ಕಿಲೋ ಇದೀನಿ. ನಿನ್ನ ಚೀಲ ಅದಕ್ಕಿಂತ ಭಾರ."

ಡಾಕ್ಟರು ಕೇಳಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಆದರೆ ಅವರೂ ಮೊಂತೆಫ್ರೆದ್ದೊದವರೇ. "ಒಳ್ಳೆ ಹೆಲ್ಮೆಟ್ ಹಾಕ್ಸಿ. ನಾನು ಹಿಂದೆ ಕಾರಲ್ಲಿ ಬರ್ತೀನಿ. ಹೊಟ್ಟೆಗೆ ಪತ್ರಿಕೆ ಇಡೋದು ಮರೀಬೇಡಿ," ಎಂದರು.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾಲ್ಕು ಜನ ಅಜ್ಜಿಯನ್ನು ಕುರ್ಚಿಸಮೇತ ಹೊತ್ತು ಚೌಕಕ್ಕೆ ತಂದರು. ವಾಯ್ನೆರನ ಹಳೆಯ ಪಂದ್ಯದ ಹೆಲ್ಮೆಟ್ ಅವಳ ತಲೆಗೆ ಇಳಿಯಿತು. ಪಕ್ಕಕ್ಕೆ ಕಾಲು ಹಾಕಿ ಕೂರುತ್ತೇನೆಂದು ಹಟ ಹಿಡಿದವಳನ್ನು ಹೇಗೋ ಒಪ್ಪಿಸಿ, ನೆಲ ಮುಟ್ಟಿಸದೆ, ಎರಡೂ ಕಡೆ ಕಾಲು ಬರುವಂತೆ ಹಿಂದಿನ ಸೀಟಿನಲ್ಲಿ ಇಳಿಸಿದರು. ಮಿರ್ಕಾ ಪೆಗ್ಗುಗಳ ಮೇಲೆ ಎದ್ದು ನಿಂತಳು, ಹಿಡಿದಿದ್ದವರು ಕೈ ಬಿಟ್ಟರು, ಗಾಡಿ ಹೊರಟಿತು.

ಅದು ಬೇರೆಯದೇ ಗಾಡಿಯಾಗಿತ್ತು. ಹಿಂಭಾಗ ಚೂರು ತಗ್ಗಿ, ಮುಂಭಾಗ ಹಗುರಾಗಿ, ಕುಲುಕಾಟ ಅರ್ಧಕ್ಕರ್ಧ ಇಳಿದಿತ್ತು. ಅಜ್ಜಿ ಕಣ್ಣು ಮುಚ್ಚಿ, ಮುಖವನ್ನು ಮೊಮ್ಮಗಳ ಬೆನ್ನಿಗೆ ಒತ್ತಿಕೊಂಡು, ಗೋಣಿಚೀಲದಂತೆ ಅಲುಗದೆ ಕುಳಿತಿದ್ದಳು. ತಿರುವು ಬಂದಾಗ ಗಾಡಿ ಬಾಗಿದಷ್ಟೇ ಬಾಗುತ್ತಿದ್ದಳು, ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಿರ್ಕಾಳಿಗೆ ಅಜ್ಜನ ಬಗ್ಗೆ ಸಣ್ಣ ಹೊಟ್ಟೆಕಿಚ್ಚಾಯಿತು.

ಸಿಗ್ನಲ್ ಬಂತು. ಮುದುಕರ ಕೈಗಳು ಎದ್ದವು, ಹಸಿರು ಸಿಕ್ಕಿತು. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಗವೀನೊ ಕುರಿಗಳನ್ನೆಲ್ಲ ಹೊಲಕ್ಕೆ ಕೂಡಿ, ನಾಯಿಯ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹದಿನೇಳರಲ್ಲಿ ಕಟ್ಟಿಗೆಯ ಟ್ರಾಕ್ಟರ್ ಅಡ್ಡ ತಿರುಗುತ್ತಿತ್ತು. ಮಿರ್ಕಾ ಹಿಂದಿನ ಬ್ರೇಕು ಅರ್ಧ, ಕ್ಲಚ್ಚು ಅರ್ಧ ಹಿಡಿದು, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ದೂರದ ಬೆಟ್ಟ ನೋಡುತ್ತ ಹದಿನಾರು ಸೆಕೆಂಡು ನಿಂತಲ್ಲೇ ನಿಂತಳು.

"ಯಾಕೆ ಸದ್ದಿಲ್ಲ? ಬಂತಾ?" ಎಂದಳು ಅಜ್ಜಿ ಕಣ್ಣು ತೆರೆಯದೆ.

"ಇಲ್ಲ ನೊನ್ನಾ. ಅಲ್ಲಾಡ್ಬೇಡ."

"ನಾನೆಲ್ಲಿ ಅಲ್ಲಾಡಿದೆ? ನೀನು ನಡುಗ್ತಿದೀಯ."

ಘಟ್ಟದ ಗುಡಿ ಕಂಡಿತು. ಕಲ್ಲುಹಾಸಿನ ಅಂಗಳ, ಚಿಕ್ಕ ಗೋಪುರ, ಬಾಗಿಲವರೆಗೆ ಗಾಲಿಕುರ್ಚಿಗಳಿಗೆಂದು ಕಟ್ಟಿದ ಇಳಿಜಾರು. ಹರಕೆ ಹೊತ್ತದ್ದು ಗುಡಿಗೆ ಬರುತ್ತಾಳೆಂದಲ್ಲ, ಮಾತೆಯ ಎದುರಿಗೆ ಬರುತ್ತಾಳೆಂದು. ಮಾತೆ ಇದ್ದದ್ದು ಒಳಗೆ. ಜೋಡಿಬಾಗಿಲಿನಲ್ಲಿ ಒಂದು ಮಾತ್ರ ತೆರೆದಿತ್ತು. ಆ ಸಂದಿಗಿಂತ ಹ್ಯಾಂಡಲ್ ಒಂದು ಗೇಣು ಅಗಲ.

"ಇನ್ನೊಂದ್ ಬಾಗಿಲು ತೆಗೀರಿ ಸ್ವಾಮೀ!" ಎಂದು ಕೂಗುತ್ತ ಮಿರ್ಕಾ ಅಂಗಳದಲ್ಲಿ ಸುತ್ತತೊಡಗಿದಳು.

"ಅದನ್ನ ಬಿಷಪ್ಪರು ಬಂದಾಗ ಮಾತ್ರ ತೆಗೆಯೋದು!" ದೋನ್ ಎರ್ಮೆಸ್ ಹೊಸ್ತಿಲಲ್ಲಿ ಗಾಬರಿಯಾಗಿ ನಿಂತಿದ್ದರು. "ಹನ್ನೊಂದು ವರ್ಷ ಆಯ್ತು. ಅಗುಳಿ ತುಕ್ಕು ಹಿಡಿದಿದೆ!"

ಒಂದು ಸುತ್ತು. ಎರಡು ಸುತ್ತು. ಪಾದ್ರಿಗಳು ಸುತ್ತಿಗೆ ತಂದರು. ಮೂರು ಸುತ್ತು. ಕಾರಿನಿಂದಿಳಿದ ಡಾಕ್ಟರು ಅಗುಳಿಗೆ ಹಚ್ಚಲು ತಮ್ಮ ಚೀಲದಿಂದ ವ್ಯಾಸಲೀನ್ ಕೊಟ್ಟರು. ಏಳು ಸುತ್ತು. ಡಾಕ್ಟರ ಕಾರಿನಲ್ಲೇ ಬಂದಿದ್ದ ವಾಯ್ನೆರ್ "ದೂರ ನೋಡು, ದೂರ ನೋಡು" ಎಂದು ಕಿರುಚುತ್ತಿದ್ದ, ಅಂಗಳದಲ್ಲಿ ದೂರವೆಂಬುದೇ ಇರಲಿಲ್ಲ. ಎಂಜಿನ್ನಿನ ಬಿಸಿಗೆ ಮಿರ್ಕಾಳ ತೊಡೆ ಬೇಯುತ್ತಿತ್ತು, ಕ್ಲಚ್ಚು ಹಿಡಿದ ಕೈ ಮರದ ತುಂಡಾಗಿತ್ತು. ಪೆಟ್ರೋಲಿನ ಕಿತ್ತಳೆ ದೀಪ ಹತ್ತಿಕೊಂಡಿತು.

"ತಲೆ ತಿರುಗ್ತಿದೆ ಮಗಳೇ. ಬೆಳಿಗ್ಗೆ ತಿಂದದ್ದು ಮೇಲೆ ಬರ್ತಿದೆ."

"ಕಣ್ಣು ಬಿಡು ನೊನ್ನಾ, ಕಣ್ಣು ಬಿಟ್ರೆ ಕಡಿಮೆಯಾಗುತ್ತೆ!"

ಅಜ್ಜಿ ಕಣ್ಣು ಬಿಟ್ಟಳು. ಚಲಿಸುವ ಗಾಡಿಯ ಮೇಲೆ ಅವಳು ಲೋಕ ನೋಡಿದ್ದು ಅದೇ ಮೊದಲು. ಗೋಪುರ, ಪಾದ್ರಿ, ಡಾಕ್ಟರು, ಬೆಟ್ಟ, ಮತ್ತೆ ಗೋಪುರ, ಮತ್ತೆ ಪಾದ್ರಿ.

"ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲೇ!" ಎಂದಳು.

ಹದಿನಾಲ್ಕನೆಯ ಸುತ್ತಿಗೆ ಅಗುಳಿ ಕಿರ್ರೆಂದಿತು. ಬಿಷಪ್ಪರ ಬಾಗಿಲು ತೆರೆದುಕೊಂಡಿತು. ಮಿರ್ಕಾ ಇಳಿಜಾರಿಗೆ ಮುಖ ಮಾಡಿದಳು. ಮೊದಲ ಗೇರು, ಅರ್ಧ ಕ್ಲಚ್ಚು. ಹೊಸ್ತಿಲ ಉಬ್ಬನ್ನು ಗಾಡಿ ಎರಡು ಸಲ ಕುಪ್ಪಳಿಸಿ ದಾಟಿತು. ಒಳಗೆ ತಣ್ಣಗಿತ್ತು, ಮಬ್ಬಿತ್ತು. ಬೆಂಚುಗಳ ಎರಡು ಸಾಲಿನ ನಡುವೆ, ನಡಿಗೆಗಿಂತ ನಿಧಾನವಾಗಿ, ಗುಡುಗುಡು ಸದ್ದು ಕಮಾನಿಗೆ ಬಡಿದು ನೂರು ಗಾಡಿಗಳ ಸದ್ದಾಗಿ ಹಿಂದಿರುಗುತ್ತಿರಲು, ಅವಳು ಮುಂದೆ ಹೋದಳು. ದೂರ ನೋಡಲು ಇಲ್ಲಿ ಜಾಗವಿತ್ತು. ಕೊನೆಯಲ್ಲಿ ನೀಲಿ ಸೆರಗಿನ ಮಾತೆ ನಿಂತಿದ್ದಳು. ಅವಳ ಮುಖವನ್ನೇ ನೋಡುತ್ತ ಹೋದರೆ ಗಾಡಿಯೂ ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು.

ಪೀಠದ ಮುಂದೆ ಮೂರು ಮೆಟ್ಟಿಲು, ಪಕ್ಕದಲ್ಲಿ ಅಮೃತಶಿಲೆಯ ಕಟಕಟೆ. ಮುಂದೆ ದಾರಿಯಿಲ್ಲ. ಸುತ್ತು ಹೊಡೆಯಲೂ ಜಾಗವಿಲ್ಲ. ನಿಲ್ಲಲೇಬೇಕು.

ಮಿರ್ಕಾ ಮೆಟ್ಟಿಲುಗಳು ಬಲಕ್ಕೆ ಬರುವಂತೆ ಗಾಡಿಯನ್ನು ಪಕ್ಕಕ್ಕೆ ಹೊರಳಿಸಿ ಬ್ರೇಕು ಒತ್ತಿದಳು. ಗಾಡಿ ನಿಂತಿತು, ಬಲಕ್ಕೆ ವಾಲತೊಡಗಿತು. ಮರದ ತುಂಡಾದ ಎಡಗೈಗೆ ಕ್ಲಚ್ಚು ಹಿಡಿಯಲಾಗದೆ ಎಂಜಿನ್ನು ಒಮ್ಮೆ ಕೆಮ್ಮಿ ಆರಿತು. ಅವಳ ಬಲಗಾಲು ಇನ್ನೇನು ಪೆಗ್ಗು ಬಿಡುವುದರಲ್ಲಿತ್ತು.

"ನೊನ್ನಾ, ಬೀಳ್ತಿದೀವಿ!"

"ಎದುರಿಗೆ ಬಂದಾಯ್ತಾ?"

"ಬಂದಾಯ್ತು! ಬಂದಾಯ್ತು!"

"ಹಾಗಾದ್ರೆ ನೀನು ಕಾಲು ಅಲ್ಲೇ ಇಟ್ಕೋ," ಎಂದಳು ಅಜ್ಜಿ. ಮೂರು ತಿಂಗಳಿನಿಂದ ಗಾಳಿಯಲ್ಲೇ ಇದ್ದ ತನ್ನ ಬಲಗಾಲನ್ನು ಚಾಚಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಊರಿ, ಒಂದು ಕೈಯಲ್ಲಿ ಕಟಕಟೆಯನ್ನೂ ಇನ್ನೊಂದರಲ್ಲಿ ಮೊಮ್ಮಗಳ ಜಾಕೆಟ್ಟನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಕಾಲು ನಡುಗಿತು, ಬಾಗಿತು, ಮತ್ತೆ ನೆಟ್ಟಗಾಯಿತು. ಗಾಡಿಯ ವಾಲಾಟ ಅಲ್ಲಿಗೆ ನಿಂತಿತು.

ವಾಯ್ನೆರ್ ಮತ್ತು ಡಾಕ್ಟರು ಓಡಿಬಂದು ಗಾಡಿಯನ್ನು ಎರಡೂ ಕಡೆಯಿಂದ ಹಿಡಿಯುವವರೆಗೆ, ಮಾತೆಯ ಎದುರಿಗೆ, ಮೊಮ್ಮಗಳ ಎರಡೂ ಕಾಲು ಪೆಗ್ಗಿನ ಮೇಲಿದ್ದವು, ಅಜ್ಜಿಯ ಒಂದು ಕಾಲು ನೆಲದ ಮೇಲಿತ್ತು.